ಅಕ್ಕನಿಗೆ ನಾನು ಹೇಳಿಕೊಟ್ಟ ಉತ್ತರಗಳು

ನನ್ನ ಅಕ್ಕನಿಗೆ ಮರೆವಿನ ಕಾಯಿಲೆ ಹತ್ತುತ್ತಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾದವಳು ನಾನು. ಅದನ್ನು ಕೇಳಿ ತಿಳಿದುಕೊಳ್ಳುವುದೇ ಕೆಲಸವಾಗಿದ್ದವರು ನನ್ನ ಎದುರಿಗೆ ಕೂತು ನೇರವಾಗಿ ಕೇಳಿದರು. ನಾನು ಹೇಳಲಿಲ್ಲ. ಹೇಳದೆ ಇದ್ದದ್ದಷ್ಟೇ ಅಲ್ಲ, ಕಾಯಿಲೆ ಹಿಡಿಯಲು ಅವರು ಇಟ್ಟಿದ್ದ ಪರೀಕ್ಷೆಯಲ್ಲಿ ಅಕ್ಕ ಪಾಸಾಗುವ ಹಾಗೆ ಅವಳಿಗೆ ಉತ್ತರವನ್ನೂ ಹೇಳಿಕೊಟ್ಟೆ. ನಾನು ಎಸ್ಸೆಸ್ಸೆಲ್ಸಿ ಫೇಲಾದವಳು. ಅಕ್ಕ ಇಂಜಿನಿಯರು. ನಾನು ಜೀವನದಲ್ಲಿ ಅವಳಿಗೆ ಹೇಳಿಕೊಟ್ಟ ಪಾಠ ಇದೊಂದೇ.

ಸಿಡ್ನಿಯ ದಿ ಪಾಂಡ್ಸ್ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ. ನನ್ನ ಗಂಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಒಂದು ಒರಗುವ ಕುರ್ಚಿ ಹಾಕಿಕೊಂಡು ಹೆಂಗಸರಿಗೆ ಥ್ರೆಡಿಂಗ್ ಮಾಡುತ್ತೇನೆ. ಹುಬ್ಬು ತೀಡುವಾಗ ಕಣ್ಣು ಮುಚ್ಚಿಕೊಂಡು ಕೂತಿರಬೇಕು. ಕಣ್ಣು ಮುಚ್ಚಿದ ಹೆಂಗಸರು ಎಲ್ಲವನ್ನೂ ಹೇಳುತ್ತಾರೆ. ಯಾರಿಗೆ ಮುಟ್ಟು ನಿಂತಿದೆ, ಯಾರಿಗೆ ಮೈಯೆಲ್ಲ ಉರಿ ಎದ್ದು ಚಳಿಗಾಲದಲ್ಲೂ ಕಿಟಕಿ ತೆಗೆಯಬೇಕಾಗುತ್ತದೆ, ಯಾರು ಗ್ಯಾಸ್ ಹಚ್ಚಿ ಯಾಕೆ ಹಚ್ಚಿದೆ ಎಂದು ನಿಂತುಬಿಡುತ್ತಾರೆ, ಎಲ್ಲ ನನಗೆ ಗೊತ್ತಿತ್ತು. ಹಾಗೆ ಕುರ್ಚಿಯಲ್ಲಿ ಕೂತ ಒಬ್ಬ ಡಾಕ್ಟರು ನನಗೆ ಇನ್ನೊಂದು ಕೆಲಸ ತೋರಿಸಿದರು.

ಅವರ ಸಂಸ್ಥೆಯಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ಮುಟ್ಟು ನಿಂತ ಮೇಲೆ ಹೆಂಗಸರ ಮಿದುಳಿನಲ್ಲಿ ಏನೇನು ಬದಲಾಗುತ್ತದೆ, ಅದರಲ್ಲಿ ಯಾವುದು ವಯಸ್ಸಿನದು, ಯಾವುದು ಡಿಮೆನ್ಷಿಯಾದ ಮೊದಲ ಹೆಜ್ಜೆ ಎಂದು ಸ್ಕ್ಯಾನ್ ಮಾಡಿ ನೋಡುವುದು. ನಮ್ಮ ಕಡೆಯ ಹೆಂಗಸರು ಯಾರೂ ಬರುತ್ತಿರಲಿಲ್ಲ. ಅವರನ್ನು ಒಪ್ಪಿಸಿ ಕರೆತರುವುದು, ಜೊತೆಗಿರುವುದು, ಇಂಗ್ಲಿಷ್ ಸಾಲದವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಾಯಿತು. ಕೊರಳಿಗೆ ನನ್ನ ಫೋಟೋ ಇದ್ದ ಒಂದು ಟ್ಯಾಗ್ ಹಾಕಿದರು. ಗಾಜಿನ ಬಾಗಿಲಿಗೆ ಅದನ್ನು ತೋರಿಸಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಕೆಲಸವಿಲ್ಲದ ದಿನವೂ ಕೆಲವು ಸಲ ಆ ಟ್ಯಾಗ್ ಹಾಕಿಕೊಂಡು ತರಕಾರಿ ತರಲು ಹೋಗಿದ್ದೇನೆ.

ಎಂಆರ್‌ಐ ಯಂತ್ರದ ಕೋಣೆಗೆ ಲೋಹ ಹೋಗಬಾರದು. ಬಳೆ, ಓಲೆ, ಹೇರ್‌ಪಿನ್, ರವಿಕೆಯ ಹುಕ್ಕು, ಕಾಲುಂಗುರ, ಎಲ್ಲ ತೆಗೆಯಬೇಕು. ವರ್ಷಗಟ್ಟಲೆ ತಿರುಗಿಸದ ಮೂಗುಬಟ್ಟಿನ ತಿರುಪನ್ನು ಎಣ್ಣೆ ಹಚ್ಚಿ ಬಿಡಿಸುತ್ತಿದ್ದೆ. ಊದಿದ ಬೆರಳಿನ ಕಾಲುಂಗುರಕ್ಕೆ ನೂಲು ಸುತ್ತಿ ಜಾರಿಸುತ್ತಿದ್ದೆ. ತಾಳಿಯದೇ ಕಷ್ಟ.

"ನಮ್ಮ ಯಜಮಾನರು ಹೊರಗಡೆ ಕೂತಿದಾರೆ, ನಾನಿಲ್ಲಿ ತಾಳಿ ಬಿಚ್ಚಲಾ?" ಎಂದು ಮೈಸೂರಿನ ಒಬ್ಬ ಆಂಟಿ ಕುತ್ತಿಗೆ ಹಿಡಿದುಕೊಂಡು ನಿಂತುಬಿಟ್ಟಿದ್ದರು.

"ಅವರು ಫೋನಲ್ಲಿ ಕ್ರಿಕೆಟ್ ನೋಡ್ತಾ ಇದಾರೆ ಆಂಟಿ. ಅವರಿಗೇನೂ ಆಗಲ್ಲ."

"ನಿಂಗೇನೇ ಗೊತ್ತು?"

ನನ್ನ ಚೀಲದಲ್ಲಿ ಯಾವಾಗಲೂ ಥ್ರೆಡಿಂಗ್ ದಾರ ಇರುತ್ತದೆ. ಅದನ್ನು ನಾಲ್ಕೆಳೆ ಮಾಡಿ, ಅರಿಶಿನ ಹಚ್ಚಿ, ಒಂದು ಅರಿಶಿನದ ಕೊಂಬು ಕಟ್ಟಿ ಅವರ ಕೊರಳಿಗೆ ಹಾಕಿದ ಮೇಲೆ ತಾಳಿ ತೆಗೆದರು. ಆಮೇಲೆ ಎಲ್ಲರಿಗೂ ಹಾಗೆಯೇ ಮಾಡಿದೆ. ಕೋಆರ್ಡಿನೇಟರ್ ಎನ್ನುವ ಮೇಡಂ, ಅಧ್ಯಯನದ ದಿನನಿತ್ಯದ ಕೆಲಸವನ್ನೆಲ್ಲ ನೋಡಿಕೊಳ್ಳುವ ಆಸ್ಟ್ರೇಲಿಯನ್ ಹೆಂಗಸು, ಅರಿಶಿನದ ಕೊಂಬನ್ನು ಯಂತ್ರ ನಡೆಸುವವರಿಗೆ ತೋರಿಸಿ ಅನುಮತಿ ತೆಗೆದುಕೊಟ್ಟರು. ಮುಟ್ಟು ಯಾವಾಗ ನಿಂತಿತು ಎಂದು ಅವರು ಕೇಳಿದರೆ ನಮ್ಮವರು ಹೇಳುವ ಉತ್ತರವನ್ನು ನಾನು ಬಿಡಿಸಿ ಹೇಳಬೇಕಿತ್ತು. "ಮಗ ಸಿಟಿಜನ್‌ಶಿಪ್ ತಗೊಂಡನಲ್ಲ, ಆ ವರ್ಷ" ಎಂದು ಒಬ್ಬರು. "ನಂಗೆಲ್ಲಿ ಗೊತ್ತಾಗಬೇಕು, ಹಬ್ಬ ಬಂತು ಅಂದ್ರೆ ಮುಂದಕ್ಕೆ ಹಾಕೋ ಮಾತ್ರೆ ನುಂಗ್ತಿದ್ದೆ" ಎಂದು ಇನ್ನೊಬ್ಬರು.

ಸ್ಕ್ಯಾನ್‌ಗಿಂತ ಮೊದಲು ನೆನಪಿನ ಪರೀಕ್ಷೆ. ಒಂದು ಚಿಕ್ಕ ಕಥೆ ಓದಿ ಹೇಳುತ್ತಾರೆ. ಕೂಡಲೇ ಅದನ್ನು ತಿರುಗಿ ಹೇಳಬೇಕು. ಬೇರೆ ಬೇರೆ ಚಿತ್ರ, ಅಂಕಿ, ಗೆರೆಗಳ ಕೆಲಸ ಕೊಟ್ಟು, ಆಮೇಲೆ ಮತ್ತೆ ಆ ಕಥೆಯನ್ನೇ ಕೇಳುತ್ತಾರೆ. ಎಷ್ಟು ಉಳಿದಿದೆ ಎನ್ನುವುದೇ ಮುಖ್ಯ. ಕನ್ನಡದಲ್ಲಿ ಬೇಕೆಂದವರಿಗೆ ಕಥೆ ಓದುವವಳು ನಾನು. ಒಬ್ಬ ಹೆಂಗಸು ಫೆರಿಯಲ್ಲಿ ನೀಲಿ ಕೊಡೆ ಮರೆತು ಇಳಿಯುತ್ತಾಳೆ. ಕೊಡೆಯ ಹಿಡಿಗೆ ಮನೆಯ ಬೀಗದ ಕೈ ಕಟ್ಟಿರುತ್ತದೆ. ಟಿಕೆಟ್ ನೋಡುವವನು ಅದನ್ನು ದಡದ ಬೇಕರಿಯಲ್ಲಿ ಕೊಡುತ್ತಾನೆ. ಅವಳು ತಿರುಗಿ ಬಂದಾಗ ಬೇಕರಿಯವಳು ಕೊಡೆಯ ಜೊತೆ ಎರಡು ಬನ್ನು ಕಟ್ಟಿಕೊಡುತ್ತಾಳೆ. ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ಈ ಕಥೆಯನ್ನು ಹೊರಗೆ ಯಾರಿಗೂ ಹೇಳಕೂಡದು ಎಂದು ಕೆಲಸಕ್ಕೆ ಸೇರಿದ ದಿನವೇ ಮೇಡಂ ಹೇಳಿದ್ದರು. ಮೊದಲೇ ಗೊತ್ತಿದ್ದವರಿಂದ ಏನೂ ತಿಳಿಯುವುದಿಲ್ಲ, ಅವರು ಬಂದೂ ಬರದ ಹಾಗೆ ಎಂದು ಬಿಡಿಸಿ ಹೇಳಿದ್ದರು. ಆ ಮಾತು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಅಕ್ಕ ಸಿಡ್ನಿಯಲ್ಲೇ ಎಪ್ಪಿಂಗ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಳು. ಭಾವ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು. ಅಕ್ಕ ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನಲ್ಲಿ ಹೊಸ ಮನೆಗಳ ಚರಂಡಿ, ಮಳೆನೀರಿನ ನಕ್ಷೆಗಳನ್ನು ನೋಡಿ ಒಪ್ಪಿಗೆ ಕೊಡುವ ಇಂಜಿನಿಯರು. ಅವಳು ತಪ್ಪು ಹುಡುಕಿದರೆ ಬಿಲ್ಡರುಗಳು ವಾದ ಮಾಡದೆ ಹೋಗುತ್ತಿದ್ದರಂತೆ. ಮನೆಯಲ್ಲಿಯೂ ಹಾಗೆಯೇ. ನಾನು ಗಣಿತದಲ್ಲಿ ಫೇಲಾದ ವರ್ಷ ನನಗೆ ಪಾಠ ಹೇಳಿಕೊಡಲು ಕೂತವಳು ಅವಳೇ. ಸ್ಕೇಲಿನ ಅಂಚಿನಿಂದ ಬೆರಳಿನ ಗಿಣ್ಣಿಗೆ ಹೊಡೆಯುತ್ತಿದ್ದಳು. ಇಲ್ಲಿಗೆ ಬಂದ ಮೇಲೂ ಯಾರಾದರೂ ಸ್ನೇಹಿತರು ಮನೆಗೆ ಬಂದರೆ, "ಇವಳು ನನ್ನ ತಂಗಿ. ಓದಲಿಲ್ಲ" ಎಂದು ಪರಿಚಯ ಮಾಡಿಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಎಪ್ಪಿಂಗ್ ಸ್ಟೇಷನ್ನಿನಿಂದ ನನಗೆ ಫೋನ್ ಮಾಡಿದಳು.

"ನಾನು ಎಲ್ಲಿಗೆ ಹೊರಟಿದ್ದೆ?" ಎಂದಳು.

"ನಂಗೇನ್ ಗೊತ್ತು? ಇನ್ನೊಂದು ಗಂಡ ಹುಡುಕೋಕಿರಬೇಕು" ಎಂದೆ.

ಅವಳು ನಗಲಿಲ್ಲ. ಬಯ್ಯಲೂ ಇಲ್ಲ. ರೈಲು ಬಂದು ಹೋದ ಸದ್ದು ಕೇಳಿಸಿತು. "ಅಲ್ಲ ಕಣೇ, ನಿಜವಾಗ್ಲೂ. ಬ್ಯಾಗ್ ಎಲ್ಲ ಇದೆ. ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ" ಎಂದಳು. ನನ್ನ ಕುರ್ಚಿಯಲ್ಲಿ ಯಾರೋ ಕೂತಿದ್ದರು, ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದೆ. ಮನೆಗೆ ಹೋಗಿ ಮಲಗು ಎಂದು ಫೋನ್ ಇಟ್ಟೆ. ಅದು ಸುಮ್ಮನೆ ಮರೆವಲ್ಲ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಅಂಥ ಮಾತುಗಳನ್ನೇ ಕೇಳುವ ಕೆಲಸ ನನ್ನದು.

ಅಕ್ಕನ ಮಗಳಿಗೂ ಏನೋ ಅನುಮಾನ ಬಂದಿತ್ತು. ಜಿಪಿ, ಅಂದರೆ ಮಾಮೂಲು ತೋರಿಸುವ ಡಾಕ್ಟರ, ಹತ್ತಿರ ಹೋಗಿ ಮೆಮರಿ ಕ್ಲಿನಿಕ್ಕಿಗೆ ಬರೆಸಿಕೋ ಎಂದು ಪ್ರತಿವಾರ ಫೋನಿನಲ್ಲಿ ಜಗಳ. ಅದು ತಡೆಯಲಾರದೆ ಅಕ್ಕ ನನ್ನ ಹತ್ತಿರ ಬಂದಳು.

"ನಿಮ್ಮ ಸ್ಟಡಿಗೆ ನನ್ನ ಸೇರಿಸು. ಮೆನೋಪಾಸ್‌ದು ಅಷ್ಟೇ ಅಂತ ಬರುತ್ತೆ. ಅವಳ ಬಾಯಿ ಮುಚ್ಚಿಸ್ತೀನಿ."

ಸೇರಿಸಿದೆ. ಸ್ವಂತದವರ ಪರೀಕ್ಷೆಯಲ್ಲಿ ನೀನು ಒಳಗೆ ಇರುವಂತಿಲ್ಲ ಎಂದು ಮೇಡಂ ಹೇಳಿದರು. ಸರಿ ಎಂದೆ. ಪರೀಕ್ಷೆಯ ಹಿಂದಿನ ವಾರ ಅಕ್ಕ ಹುಬ್ಬು ಮಾಡಿಸಿಕೊಳ್ಳುವ ನೆಪದಲ್ಲಿ ಬಂದು ನನ್ನ ಕುರ್ಚಿಯಲ್ಲಿ ಕೂತಳು. ಕಣ್ಣು ಮುಚ್ಚಿಕೊಂಡು, "ಏನೇನು ಕೇಳ್ತಾರೆ?" ಎಂದಳು.

"ಹೇಳೋ ಹಾಗಿಲ್ಲ."

"ಯಾರಿಗೆ ಹೇಳೋ ಹಾಗಿಲ್ಲ? ನಾನೇನು ಬೀದಿಯವಳಾ?"

ನಮ್ಮ ಮನೆಯಲ್ಲಿ ಪರೀಕ್ಷೆ ಎಂದರೆ ಪಾಸಾಗಬೇಕಾದದ್ದು. ಫೇಲಾದರೆ ಒಳ್ಳೆಯದಾಗುವ ಪರೀಕ್ಷೆಯೂ ಒಂದು ಇರುತ್ತದೆ ಎಂದು ಇಂಜಿನಿಯರ್ ಅಕ್ಕನಿಗೂ ಹೊಳೆಯಲಿಲ್ಲ. ನನಗೆ ಹೊಳೆದಿತ್ತು. ಆದರೂ ಹೇಳಿಕೊಟ್ಟೆ. ಕೊಡೆ, ಬೀಗದ ಕೈ, ಟಿಕೆಟ್ ನೋಡುವವನು, ಬೇಕರಿ, ಬನ್ನು. ಅವಳು ತಿರುಗಿ ಹೇಳುವಾಗ ಕೊಡೆ ಉಳಿಯಿತು, ಉಳಿದದ್ದೆಲ್ಲ ಹೋಯಿತು. ಮತ್ತೆ ಹೇಳಿದೆ. ಈ ಸಲ ಕೊಡೆಯೂ ಕೆಂಪಾಯಿತು.

"ಎಷ್ಟು ಸಲ ಹೇಳಬೇಕು ನಿಂಗೆ? ತಲೇಲಿ ಏನು ಮಣ್ಣು ತುಂಬಿದೆಯಾ?" ಎಂದೆ. ಅವಳು ನನಗೆ ಅನ್ನುತ್ತಿದ್ದ ಮಾತು, ಅದೇ ರಾಗದಲ್ಲಿ. ಒಂದೊಂದು ತಪ್ಪಿಗೂ ಹುಬ್ಬಿನ ಒಂದು ಕೂದಲನ್ನು ಬೇಕೆಂದೇ ಜೋರಾಗಿ ಕಿತ್ತೆ. ಅವಳ ಕಣ್ಣಂಚಿನಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ನಿಂಗೆ ಖುಷಿ ಆಗ್ತಿದೆ ಅಲ್ವೇನೇ?" ಎಂದಳು, ಕಣ್ಣು ತೆರೆಯದೆ.

"ಸುಮ್ನೆ ಹೇಳು. ಕೊಡೆ ಯಾವ ಬಣ್ಣ?"

ಖುಷಿಯಾಗುತ್ತಿತ್ತು. ಅದನ್ನು ಇಲ್ಲಿ ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಆ ವಾರ ದಿನವೂ ಬಂದಳು. ದಿನವೂ ಹೇಳಿಸಿದೆ, ದಿನವೂ ಬೈದೆ. ವಾರದ ಕೊನೆಗೆ ಕಥೆ ಅವಳ ಬಾಯಲ್ಲಿ ಒಂದು ಅಕ್ಷರ ತಪ್ಪದೆ ಕೂತಿತು. ಅವಳಿಗೆ ನೆನಪು ಉಳಿಯುತ್ತಿರಲಿಲ್ಲವೆಂದಲ್ಲ. ಹೊಡೆದು ಕೂರಿಸಿದರೆ ಇನ್ನೂ ಕೂರುತ್ತಿತ್ತು. ತಾನಾಗಿ ನಿಲ್ಲುತ್ತಿರಲಿಲ್ಲ.

ಪರೀಕ್ಷೆ ಇಂಗ್ಲಿಷಿನಲ್ಲೇ ಮಾಡಿಸಿಕೊಂಡಳು. ಆಮೇಲೆ ಸ್ಕ್ಯಾನ್. ಅವಳ ಓಲೆ, ಬಳೆ ನಾನೇ ತೆಗೆದೆ. ತಲೆಯ ಮೇಲೆ ಪಂಜರದ ಹಾಗಿರುವ ಚೌಕಟ್ಟು ಇಟ್ಟು, ಕಿವಿಗೆ ಹತ್ತಿ ತುರುಕಿ, ಕೈಯಲ್ಲಿ ಒತ್ತುವ ರಬ್ಬರ್ ಚೆಂಡು ಕೊಟ್ಟರು. ಭಯವಾದರೆ ಅದನ್ನು ಒತ್ತು ಎಂದು ಹೇಳಿ ಹೊರಗೆ ಬಂದೆ. ಒತ್ತಲಿಲ್ಲ. ಪಾಸಾಗಲು ಬಂದವಳು ಅವಳು.

ಕೆಲವು ದಿನಗಳ ಮೇಲೆ ಮೇಡಂ ನನ್ನನ್ನು ಕರೆದು ಬಾಗಿಲು ಹಾಕಿದರು. ಭಾಗವಹಿಸುವ ಪ್ರತಿಯೊಬ್ಬರ ಬಗ್ಗೆಯೂ ಹತ್ತಿರದವರೊಬ್ಬರನ್ನು ಪ್ರಶ್ನೆ ಕೇಳುವುದು ಅಲ್ಲಿನ ಪದ್ಧತಿ. ಅಕ್ಕ ನನ್ನ ಹೆಸರು ಕೊಟ್ಟಿದ್ದಳು, ಮಗಳದನ್ನಲ್ಲ. ಕೇಳುವ ಮೊದಲು ಮೇಡಂ ಒಂದು ಮಾತು ಹೇಳಿದರು. ಚಿತ್ರ ನೋಡಿದ ಡಾಕ್ಟರಿಗೆ ನೆನಪಿಗೆ ಸಂಬಂಧಪಟ್ಟ ಜಾಗದಲ್ಲಿ ಸ್ವಲ್ಪ ಸವೆತ ಕಂಡಿದೆ, ಆದರೆ ಅದು ಎಷ್ಟು ಎಂದು ಒಂದೇ ಚಿತ್ರದಿಂದ ಖಚಿತ ಮಾಡುವುದು ಕಷ್ಟ. ಕಥೆಯ ಪರೀಕ್ಷೆ ತುಂಬಾ ಚೆನ್ನಾಗಿ ಬಂದಿದೆ. ಹಾಗಾಗಿ ಮನೆಯವರು ಏನು ಹೇಳುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಅನುಮಾನವಿದ್ದರೆ ಜಿಪಿಗೆ ತಿಳಿಸಿ ಕ್ಲಿನಿಕ್ಕಿಗೆ ಕಳಿಸುತ್ತೇವೆ ಎಂದರು.

"ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರಾ?"

"ಇಲ್ಲ."

"ಗೊತ್ತಿರುವ ಜಾಗದಲ್ಲಿ ದಾರಿ ತಪ್ಪಿದ್ದುಂಟಾ?"

ಸ್ಟೇಷನ್ನಿನಲ್ಲಿ ಬ್ಯಾಗ್ ಹಿಡಿದು ನಿಂತ ಅಕ್ಕ ಕಣ್ಣ ಮುಂದೆ ಬಂದಳು. ಹೌದು ಎಂದರೆ, ಪರೀಕ್ಷೆ ಹೇಗೆ ಚೆನ್ನಾಗಿ ಬಂತು ಎನ್ನುವ ಪ್ರಶ್ನೆ ಏಳುತ್ತದೆ. ಅದು ನನ್ನ ಕೊರಳಿನ ಟ್ಯಾಗ್ ಕಿತ್ತುಕೊಳ್ಳುವ ತನಕ ಹೋಗುತ್ತದೆ.

"ಇಲ್ಲ" ಎಂದೆ.

ಮೇಡಂ ಪೆನ್ನು ಮುಚ್ಚಿದರು. ಒಂದೂವರೆ ವರ್ಷದ ಮೇಲೆ ಮತ್ತೆ ನೋಡೋಣ ಎಂದು ತೀರ್ಮಾನವಾಯಿತು. ಅಕ್ಕ ಮಗಳಿಗೆ ಫೋನ್ ಮಾಡಿ, "ಬ್ರೇನ್ ಸ್ಕ್ಯಾನ್ ಮಾಡ್ಸಿದೀನಿ. ಮೆಮರಿ ಟೆಸ್ಟಲ್ಲಿ ಟಾಪ್. ಇನ್ನು ಆ ಮಾತು ಎತ್ತಬೇಡ" ಎಂದು ನನ್ನ ಎದುರಿಗೇ ಹೇಳಿದಳು. ಮಗಳು ನನ್ನನ್ನು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಇಂಗ್ಲಿಷ್. "ಚಿಕ್ಕಮ್ಮಾ, ಈಸ್ ಶಿ ರಿಯಲಿ ಓಕೆ?" ಎಂದಳು. "ನಾನಿದೀನಲ್ಲಮ್ಮ ಇಲ್ಲಿ" ಎಂದೆ. ಅವಳು ಬುಕ್ ಮಾಡಿದ್ದ ಜಿಪಿ ಅಪಾಯಿಂಟ್‌ಮೆಂಟ್ ಬಿಟ್ಟುಬಿಟ್ಟಳು.

ಆ ಒಂದೂವರೆ ವರ್ಷದಲ್ಲಿ ಅಕ್ಕ ಕೆಲಸ ಕಳೆದುಕೊಂಡಳು. ಒಂದೇ ನಕ್ಷೆಗೆ ಒಂದು ಸಲ ಒಪ್ಪಿಗೆ, ಇನ್ನೊಂದು ಸಲ ನಿರಾಕರಣೆ ಬರೆದಿದ್ದಳು. ಮೀಟಿಂಗಿಗೆ ಹೋಗದೆ ಕಾರಿನಲ್ಲೇ ಕೂತಿದ್ದಳು. ಎಚ್ಚರಿಕೆ ಕೊಟ್ಟರು, ಮತ್ತೆ ಕೊಟ್ಟರು. ಆರೋಗ್ಯದ ತೊಂದರೆ ಏನಾದರೂ ಇದೆಯಾ ಎಂದು ಅವರೇ ಕೇಳಿದರಂತೆ. ಅಕ್ಕ ಎದೆ ಸೆಟೆಸಿ, ಮಿದುಳನ್ನೇ ಸ್ಕ್ಯಾನ್ ಮಾಡಿಸಿದ್ದೇನೆ, ಏನೂ ಇಲ್ಲ ಎಂದಳಂತೆ. ಏನೂ ಇಲ್ಲದ ಮೇಲೆ ಅದು ಉದಾಸೀನವೇ ಆಯಿತು. ಕೆಲಸದಲ್ಲಿ ಗಮನವಿಲ್ಲ ಎಂದು ಬರೆದು, ತಾನಾಗಿ ಬಿಟ್ಟರೆ ಮರ್ಯಾದೆ ಎಂದು ಸೂಚಿಸಿದರು. ಅಲ್ಲಿ ಯಾರು ಬಿಟ್ಟು ಹೋದರೂ ಬೆಳಗಿನ ಟೀಗೆ ಕೇಕು ತಂದು ನಾಲ್ಕು ಒಳ್ಳೆಯ ಮಾತು ಆಡುವುದುಂಟು. ಅಕ್ಕನಿಗೆ ಅದೂ ಆಗಲಿಲ್ಲ. ರಟ್ಟಿನ ಪೆಟ್ಟಿಗೆ ತುಂಬಿಕೊಂಡು ಲಿಫ್ಟಿನಲ್ಲಿ ಇಳಿದು ಬಂದಳು. ನಾನು ಕೆಳಗೆ ಕಾರಿನಲ್ಲಿ ಕಾಯುತ್ತಿದ್ದೆ. ಆಗಲಾದರೂ ನಾನು ಬಾಯಿ ಬಿಟ್ಟಿದ್ದರೆ ಉದಾಸೀನ ಎನ್ನುವ ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು ಸೀಟ್ ಬೆಲ್ಟ್ ಹಾಕಿಕೋ ಎಂದೆ.

ಎರಡನೆಯ ಸುತ್ತಿಗೆ ಮೆಲ್ಬರ್ನ್‌ಗೆ ಹೋಗಬೇಕಿತ್ತು. ಅಲ್ಲಿ ಇನ್ನೊಂದು ಬಗೆಯ ಸ್ಕ್ಯಾನ್, ಪೆಟ್ ಎನ್ನುತ್ತಾರೆ. ರಕ್ತನಾಳಕ್ಕೆ ಒಂದು ಔಷಧಿ ಕೊಟ್ಟು, ಅದು ಮಿದುಳಿಗೆ ಏರುವ ತನಕ ಕಾದು, ಕಾಯಿಲೆಗೆ ಸಂಬಂಧಪಟ್ಟ ಒಂದು ಪ್ರೋಟೀನ್ ಅಲ್ಲಿ ಕೂತಿದೆಯೇ ಎಂದು ನೋಡುವುದು. ಅಕ್ಕ ಮತ್ತು ನಾನು ಹಿಂದಿನ ದಿನವೇ ಹೋಗಿ ಅವಳ ಮಗಳ ಫ್ಲಾಟಿನಲ್ಲಿ ಇಳಿದೆವು. ಬೆಳಿಗ್ಗೆ ಮೂವರೂ ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಹತ್ತಿದೆವು. ಆ ಭಾಗದಲ್ಲಿ ಟ್ರಾಮಿಗೆ ಟಿಕೆಟ್ ಬೇಡ. ಬೇಡ ಎಂದು ಮಗಳು ಎಷ್ಟು ಹೇಳಿದರೂ ಅಕ್ಕ ಇಳಿಯುವ ತನಕ ಚೀಲದಲ್ಲಿ ಕಾರ್ಡು ಹುಡುಕುತ್ತಲೇ ಇದ್ದಳು.

ಸಿಡ್ನಿಯ ಕೋಆರ್ಡಿನೇಟರ್ ಮೇಡಂ ಕೂಡ ಬಂದಿದ್ದರು. ಅಕ್ಕ ಗಾಬರಿಯಲ್ಲಿದ್ದಳು, ನನ್ನ ಸೆರಗು ಬಿಡಲಿಲ್ಲ. ಹಾಗಾಗಿ ಈ ಸಲ ನನ್ನನ್ನೂ ಒಳಗೆ ಬಿಟ್ಟರು, ಹಿಂದೆ ಕೂತು ಬಾಯಿ ತೆರೆಯಬಾರದು ಎಂದು. ಪರೀಕ್ಷೆ ಮಾಡುವ ಹುಡುಗಿ ಕಥೆ ಓದಿದಳು. ಅದು ಬೇರೆ ಕಥೆ. ಎರಡನೆಯ ಸಲಕ್ಕೆ ಬೇರೆಯದನ್ನು ಬಳಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಸುತ್ತಿನ ಹೆಂಗಸರ ಜೊತೆ ಮಾತ್ರ ನಾನು ಕೂತಿದ್ದೆ. ಒಬ್ಬ ಮುದುಕ ನಾಯಿ ಹಿಡಿದುಕೊಂಡು ಅಂಚೆ ಕಚೇರಿಗೆ ಹೋಗುವ ಕಥೆ. ಓದಿ ಮುಗಿಸಿ, ನೆನಪಿದ್ದಷ್ಟು ಹೇಳಿ ಎಂದಳು.

ಅಕ್ಕ ಬೆನ್ನು ನೆಟ್ಟಗೆ ಮಾಡಿದಳು. ಕಣ್ಣು ಮುಚ್ಚಿದಳು. ಒಬ್ಬ ಹೆಂಗಸು ಫೆರಿಯಲ್ಲಿ ನೀಲಿ ಕೊಡೆ ಮರೆತಳು ಎಂದು ಶುರು ಮಾಡಿ, ಬೀಗದ ಕೈ, ಬೇಕರಿ, ಎರಡು ಬನ್ನು ಎಲ್ಲವನ್ನೂ ಒಂದು ಪದ ಬಿಡದೆ ಹೇಳಿದಳು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಕನ್ನಡದ ಭಾಗವೆಲ್ಲ ನನ್ನ ಮಾತಿನ ರಾಗದಲ್ಲಿ. ಮುಗಿಸಿ ಕಣ್ಣು ತೆರೆದು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು. ಸರಿಯಾಯಿತಾ, ಬಯ್ಯುತ್ತೀಯಾ ಎಂದು ಕೇಳುವ ಮುಖ. ಐವತ್ತೆಂಟು ವರ್ಷದ ಹೆಂಗಸು, ಗಿಣ್ಣಿಗೆ ಏಟು ಬೀಳುತ್ತದೆಯೇ ಎಂದು ಕಾಯುವ ಮಕ್ಕಳ ಹಾಗೆ ಕೈ ಮಡಿಚಿಕೊಂಡಿದ್ದಳು.

ಹುಡುಗಿ ಮುದುಕನ ಬಗ್ಗೆ ಏನಾದರೂ ನೆನಪಿದೆಯಾ ಎಂದು ಕೇಳಿದಳು. "ಯಾವ ಮುದುಕ?" ಎಂದಳು ಅಕ್ಕ.

ಹೊರಗೆ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಈಗ ಓದಿದ್ದು ಉಳಿಯದವರಿಗೆ ಒಂದೂವರೆ ವರ್ಷದ ಹಿಂದೆ ಕೇಳಿದ್ದು ಇಷ್ಟು ಪೂರ್ತಿ ಉಳಿಯುವುದು ವಿಚಿತ್ರ ಎಂದರು. "ಆ ಕಥೆಯನ್ನು ಅವರು ಬೇರೆ ಎಲ್ಲಾದರೂ ಕೇಳಿರಬಹುದಾ?"

"ಗೊತ್ತಿಲ್ಲ" ಎಂದೆ. ಇಷ್ಟಾದರೂ ಬಾಯಿಗೆ ಬಂದದ್ದು ಅದೇ.

ಅಕ್ಕನಿಗೆ ಔಷಧಿ ಚುಚ್ಚಿ ಮಂದ ಬೆಳಕಿನ ಕೋಣೆಯಲ್ಲಿ ಮಲಗಿಸಿದರು. ಮಾತಾಡಬಾರದು, ಫೋನ್ ನೋಡಬಾರದು. ಅದಕ್ಕೂ ಮೊದಲು ಕಾರಿಡಾರಿನಲ್ಲಿ ಮಗಳಿಗೆ ಅವಳು ಹೇಳಿಬಿಟ್ಟಿದ್ದಳು, ಹೋದ ಸಲದ ಕೊಡೆಯ ಕಥೆ ಪೂರ್ತಿ ಹೇಳಿದೆ, ಒಂದೂ ಬಿಡಲಿಲ್ಲ ಎಂದು. ಕಾಯುವ ಕೋಣೆಯಲ್ಲಿ ಮಗಳು ನನ್ನ ಪಕ್ಕ ಬಂದು ಕೂತಳು. ಮುಖ ಅರಳಿತ್ತು. ಹೋದ ವರ್ಷದ ಕಥೆ ಇನ್ನೂ ನೆನಪಿದೆಯಂತೆ ಅಮ್ಮನಿಗೆ, ನಾನೇ ಸುಮ್ಮನೆ ಅವಳನ್ನು ಕಾಯಿಲೆಯವಳನ್ನಾಗಿ ಮಾಡಿ ಗೋಳು ಹೊಯ್ದುಕೊಂಡೆ ಎಂದಳು. ಕೆಲಸ ಹೋದಾಗ ಅಮ್ಮ ಸೋಮಾರಿಯಾದಳು ಎಂದು ಅಂದಿದ್ದಳಂತೆ. ಅದಕ್ಕೆ ಇವತ್ತು ಕ್ಷಮೆ ಕೇಳುತ್ತೇನೆ ಎಂದಳು. "ಐ ಓ ಹರ್ ಅ ಸಾರಿ, ಚಿಕ್ಕಮ್ಮ."

ಅಮ್ಮನಿಗೆ ಸರಿಯಾದುದನ್ನೇ ಮಾಡಲು ಹೊರಟ ಒಬ್ಬಳೇ ಒಬ್ಬಳು, ನನ್ನ ಸುಳ್ಳಿನಿಂದಾಗಿ, ತಾನೇ ಹೋಗಿ ಅಮ್ಮನ ಕಾಲು ಹಿಡಿಯಲು ತಯಾರಾಗಿದ್ದಳು. ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ. ಎದ್ದು ಹೋಗಿ ಮೇಡಂ ಇದ್ದ ಕೋಣೆಯ ಬಾಗಿಲು ತಟ್ಟಿದೆ. ನನ್ನ ಇಂಗ್ಲಿಷಿನಲ್ಲಿ, ಎಷ್ಟು ಕೆಟ್ಟದಾಗಿ ಬಂತೋ ಅಷ್ಟು ಕೆಟ್ಟದಾಗಿ, ಎಲ್ಲ ಹೇಳಿದೆ. ಸ್ಟೇಷನ್ನಿನ ಫೋನಿನಿಂದ ಹಿಡಿದು.

ಅವರು ಸಿಟ್ಟು ಮಾಡಲಿಲ್ಲ. ಗಾಜಿನಾಚೆ ನೋಡಿದರು. ಅಷ್ಟು ಹೊತ್ತಿಗೆ ಅಕ್ಕನನ್ನು ಸ್ಕ್ಯಾನಿಗೆ ಒಯ್ದಿದ್ದರು, ಯಂತ್ರದ ಹಾಸಿಗೆಯ ಮೇಲೆ ಅವಳ ಪಾದ ಮಾತ್ರ ಕಾಣುತ್ತಿತ್ತು.

"ಸ್ಕ್ಯಾನ್ ಮುಗಿಯಲಿ. ನಮಗೆ ಬೇಡವಾದರೂ ಅವರಿಗೆ ಬೇಕಾಗುತ್ತದೆ" ಎಂದರು. ಆಮೇಲೆ, "ಇನ್ನೂ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀಯಾ?" ಎಂದು ಕೇಳಿದರು.

"ಯಾರಿಗೂ ಇಲ್ಲ."

"ಈಗ ಅದನ್ನು ನಾನು ಹೇಗೆ ನಂಬಲಿ, ನೀನೇ ಹೇಳು."

ಟ್ಯಾಗ್ ತೆಗೆದು ಮೇಜಿನ ಮೇಲಿಟ್ಟೆ. ನಾನು ಜೊತೆಗೆ ಕೂತಿದ್ದ ಪ್ರತಿಯೊಬ್ಬ ಹೆಂಗಸಿನ ನೆನಪಿನ ಪರೀಕ್ಷೆಯನ್ನೂ ಅಧ್ಯಯನದಿಂದ ತೆಗೆದು ಪಕ್ಕಕ್ಕಿಟ್ಟರು ಎಂದು ಆಮೇಲೆ ತಿಳಿಯಿತು. ಮದುವೆಯಾದ ಮೇಲೆ ಮೊದಲ ಸಲ ತಾಳಿ ಬಿಚ್ಚಿ ಯಂತ್ರದ ಆ ಕೊಳವೆಯೊಳಗೆ ಮಲಗಿದವರು ಅವರೆಲ್ಲ. ಮೈಸೂರಿನ ಆಂಟಿಗೂ ಮೇಡಂ ಫೋನ್ ಮಾಡಿದರು. ಆಂಟಿ ಈಗ ಹುಬ್ಬು ತೀಡಿಸಲು ಬೇರೆ ಕಡೆ ಹೋಗುತ್ತಾರೆ. ಅಂಗಡಿಯಲ್ಲಿ ಸಿಕ್ಕಾಗ ಒಂದೇ ಮಾತು ಕೇಳಿದರು, "ನನ್ನ ಕೊರಳಿಂದ ತೆಗೆಸಿದೆಯಲ್ಲೇ, ಯಾವ ಸುಖಕ್ಕೆ?"

ಅಕ್ಕನ ಮಗಳಿಗೆ ನಾನೇ ಹೇಳಿದೆ, ಆ ಕಟ್ಟಡದ ಮೆಟ್ಟಿಲ ಮೇಲೆ. ಅವಳು ಕೇಳಿಸಿಕೊಂಡು ಮುಗಿಸಿ, ಮೊದಲ ಸಲ ನನ್ನ ಜೊತೆ ಪೂರ್ತಿ ಕನ್ನಡದಲ್ಲಿ ಮಾತಾಡಿದಳು. "ನೀವು ಅಮ್ಮನ್ನ ನೋಡಕ್ಕೆ ಬರಬೇಡಿ."

ಮೆಮರಿ ಕ್ಲಿನಿಕ್ಕಿನ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಒಂದೂವರೆ ವರ್ಷ ಮೊದಲೇ ಬಂದಿದ್ದರೆ ಗುಣವಾಗುತ್ತಿತ್ತು ಎಂದು ಅವರು ಹೇಳಲಿಲ್ಲ. ಕೆಲಸ ಹೇಗೆ ಬಿಡಬೇಕು, ಎಲ್ಲಿರಬೇಕು, ಯಾರು ನೋಡಿಕೊಳ್ಳಬೇಕು ಎಂದು ಆಗ ಅಮ್ಮನೇ ಕೂತು ನಿರ್ಧರಿಸಬಹುದಿತ್ತು, ಈಗ ಬೇರೆಯವರು ನಿರ್ಧರಿಸಬೇಕು ಎಂದಷ್ಟೇ ಮಗಳಿಗೆ ಹೇಳಿದರಂತೆ. ಎಪ್ಪಿಂಗ್ ಮನೆ ಖಾಲಿ ಮಾಡಿ ಅವಳು ಅಮ್ಮನನ್ನು ಡಾಕ್‌ಲ್ಯಾಂಡ್ಸ್‌ಗೆ ಕರೆದುಕೊಂಡು ಹೋದಳು.

ಹಲವು ತಿಂಗಳ ಮೇಲೆ ಅವಳೇ ಫೋನ್ ಮಾಡಿದಳು. ಅಮ್ಮನನ್ನು ನೋಡಿಕೊಳ್ಳಲು ದಿನವೂ ಬರುತ್ತಿದ್ದ ಕೇರರ್ ರಜೆ ಹಾಕಿದ್ದಳು, ಇವಳು ಆಫೀಸು ತಪ್ಪಿಸುವಂತಿರಲಿಲ್ಲ. "ಬೇರೆ ಯಾರೂ ಇಲ್ಲ. ಅದಕ್ಕೇ" ಎಂದಳು. ಹೋದೆ. ಬಾಗಿಲು ತೆರೆದು, ಮಾತ್ರೆ ಎಲ್ಲಿದೆ ಎಂದು ತೋರಿಸಿ, ನನ್ನ ಮುಖ ನೋಡದೆ ಹೊರಟಳು.

ಅಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದಳು. ನನ್ನ ಗುರುತು ಸಿಕ್ಕಿತು. ಊಟ ಮಾಡಿಸಿದೆ. ಆಮೇಲೆ ಅವಳು ತಗ್ಗಿದ ದನಿಯಲ್ಲಿ, ಬೇರೆ ಯಾರಿಗೂ ಕೇಳಬಾರದೆನ್ನುವ ಹಾಗೆ ಹೇಳಿದಳು.

"ನನ್ನ ಕೆಲಸದಿಂದ ಕಳಿಸಿಬಿಟ್ರು ಕಣೇ. ಗಮನ ಇಲ್ಲ ಅಂತ. ಉದಾಸೀನ ಮಾಡಿದೆ ಅಂತ."

ಬೇರೆ ಏನೇನೋ ಹೋಗಿತ್ತು ಅವಳಿಂದ. ಭಾವ ಹೋದದ್ದು ಹೋಗಿತ್ತು, ಎಪ್ಪಿಂಗ್ ಮನೆ ಹೋಗಿತ್ತು, ಬೆಳಿಗ್ಗೆ ತಿಂದ ತಿಂಡಿ ಹೋಗಿತ್ತು. ಇದೊಂದು ಉಳಿದಿತ್ತು. ಬಂದವರಿಗೆಲ್ಲ ಇದನ್ನೇ ಹೇಳುತ್ತಾಳೆ, ಹೇಳಿ ತಲೆ ತಗ್ಗಿಸಿ ಕೂರುತ್ತಾಳೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು.

"ನಾನು ಹಂಗಿರಲಿಲ್ಲ ಅಲ್ವಾ?" ಎಂದಳು. "ನಂಗ್ಯಾಕೆ ಹಂಗಾಯ್ತು?"

ನಮ್ಮ ಮನೆಯಲ್ಲಿ ಅಕ್ಕತಂಗಿಯರು ಒಬ್ಬರಿಗೊಬ್ಬರು ಕ್ಷಮೆ ಕೇಳಿ ಗೊತ್ತಿಲ್ಲ. ಜಗಳವಾದರೆ ಮಾರನೆಯ ದಿನ ಏನಾದರೂ ಮಾಡಿ ಡಬ್ಬಿಯಲ್ಲಿ ಹಾಕಿ ಕಳಿಸುತ್ತೇವೆ, ಅಷ್ಟೇ. ಅವತ್ತೂ ಚಿರೋಟಿ ಮಾಡಿಕೊಂಡು ಹೋಗಿದ್ದೆ. ಅದು ಮೇಜಿನ ಮೇಲೆ ಮುಚ್ಚಿಕೊಂಡೇ ಇತ್ತು. ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಕೂತೆ.

"ಅಕ್ಕಾ, ನೀನು ಉದಾಸೀನ ಮಾಡಲಿಲ್ಲ. ನಿಂಗೆ ಆಗಲೇ ಕಾಯಿಲೆ ಬಂದಿತ್ತು. ನಂಗೆ ಗೊತ್ತಿತ್ತು."

"ಯಾರಿಗೆ ಗೊತ್ತಿತ್ತು?"

"ನಂಗೆ."

"ಮತ್ತೆ ಯಾಕೆ ಅವರಿಗೆ ಹೇಳಲಿಲ್ಲ?"

ಅವಳ ಕಣ್ಣು ಆ ಹೊತ್ತಿನಲ್ಲಿ ಹಳೆಯ ಅಕ್ಕನದೇ ಆಗಿತ್ತು, ತಪ್ಪು ನಕ್ಷೆ ಕೈಗೆ ಸಿಕ್ಕಿದಾಗಿನದು.

"ಹೇಳಬೇಕಿತ್ತು. ಸ್ಟಡಿಯವರು ಕೇಳಿದ್ರು, ನಾನು ಇಲ್ಲ ಅಂದೆ. ನಿನ್ನ ಮರ್ಯಾದೆ ಉಳಿಸೋದು ನನ್ನ ಒಂದು ಮಾತಲ್ಲಿತ್ತು, ಅದನ್ನ ನಾನು ಆಡಲಿಲ್ಲ. ನನ್ನ ಕೆಲಸ ಉಳೀಲಿ ಅಂತ. ತಪ್ಪು ನಿಂದಲ್ಲ ಅಕ್ಕಾ, ನಂದು. ನಾನು ಮಾಡಿದ್ದು ದೊಡ್ಡ ತಪ್ಪು. ನನ್ನ ಕ್ಷಮಿಸು."